ಒಶೋಡಿ, ಒಶೋಡಿ, ಒಶೋಡಿ

ನಿದ್ದೆ ಬರದ ಒಂದು ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತವನಿಗೆ ಹಳೇ ಸಾಕ್ಷ್ಯಚಿತ್ರವೊಂದು ಸಿಕ್ಕಿತು. 'ಲಾಗೋಸ್ ವೈಡ್ ಅಂಡ್ ಕ್ಲೋಸ್' ಅಂತ ಹೆಸರು. ನೈಜೀರಿಯಾದ ಲಾಗೋಸ್ ಬಗ್ಗೆ ಡಚ್ ನಿರ್ದೇಶಕಿ ಬ್ರೆಕ್ತ್ಯೆ ವಾನ್ ಡರ್ ಹಾಕ್ ಮಾಡಿದ್ದು, 2005ರಲ್ಲಿ ಬಂದದ್ದು. ಅರ್ಧ ಗಂಟೆ ನೋಡಿ ಮಲಗೋಣ ಅಂದುಕೊಂಡೆ. ಮೂರು ರಾತ್ರಿ ಹೋಯಿತು.

ಇದರಲ್ಲಿ ಒಂದು ಮಜಾ ಇದೆ. ಎರಡು ಚಿತ್ರಗಳು ಒಟ್ಟೊಟ್ಟಿಗೆ ಓಡುತ್ತಿರುತ್ತವೆ. ಒಂದು ದೂರದ್ದು, ಹೆಲಿಕಾಪ್ಟರಿನಿಂದ, ಎತ್ತರದಿಂದ ಕಾಣುವ ಊರು. ಇನ್ನೊಂದು ಹತ್ತಿರದ್ದು, ರಸ್ತೆಗೆ ಇಳಿದು, ಬಸ್ಸಿನೊಳಗೆ ಹೊಕ್ಕು, ಬೆವರು ಕಾಣುವಷ್ಟು ಹತ್ತಿರ. ಬೇಕೆಂದಾಗ ಒಂದರಿಂದ ಇನ್ನೊಂದಕ್ಕೆ ನೆಗೆಯಬಹುದು. ಧ್ವನಿಯನ್ನೂ ನಾವೇ ಆರಿಸಿಕೊಳ್ಳಬಹುದು. ಬರೀ ಊರಿನ ಸದ್ದು ಕೇಳಬಹುದು, ಊರಿನವರ ಮಾತು ಕೇಳಬಹುದು, ಇಲ್ಲವೇ ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್ ಏನು ಹೇಳುತ್ತಾರೆ ಅಂತ ಕೇಳಬಹುದು. ಕೂಲ್ಹಾಸ್ 90ರ ದಶಕದ ಕೊನೆಯಿಂದ ಹಾರ್ವರ್ಡ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಲಾಗೋಸ್‌ಗೆ ಹೋಗಿ ಬರುತ್ತಿದ್ದವರು. ಅದೇ ಓಡಾಟದಿಂದ ಈ ಚಿತ್ರವೂ ಹುಟ್ಟಿದ್ದು.

ಮೊದಲ ರಾತ್ರಿ ನಾನು ಪೂರ್ತಿ ಮೇಲೇ ಇದ್ದೆ. ಕೆಳಗೆ ಇಳಿಯೋ ಮನಸ್ಸೇ ಆಗಲಿಲ್ಲ.

ಮೇಲಿಂದ ಲಾಗೋಸ್ ಚೆನ್ನಾಗಿ ಕಾಣುತ್ತೆ, ಸುಳ್ಳು ಹೇಳಲ್ಲ. ನಡುವೆ ದೊಡ್ಡ ಹಿನ್ನೀರು. ಆ ಹೆಸರೂ ಅಲ್ಲಿಂದಲೇ ಬಂದಿದ್ದು, ಪೋರ್ಚುಗೀಸರು ಕೆರೆಗಳು ಅನ್ನೋ ಅರ್ಥದಲ್ಲಿ ಲಾಗೋಸ್ ಅಂದರು. ಊರಿನವರಿಗೆ ಅದು ಎಕೋ. ಹಿನ್ನೀರಿನ ಮೇಲೆ 11.8 ಕಿಲೋಮೀಟರ್ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಸೇತುವೆ ಬಾಗಿಕೊಂಡು ಹೋಗುತ್ತದೆ. ಪಕ್ಕದಲ್ಲೇ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮಕೋಕೋ ಮೀನುಗಾರರ ಕೇರಿ. ಸ್ವಲ್ಪ ಆಚೆ ಎಬುಟೆ ಮೆಟ್ಟಾದ ಮರ ಕೊಯ್ಯುವ ಮಿಲ್ಲುಗಳು. ಕಾಡಿನಿಂದ ಮರದ ದಿಮ್ಮಿಗಳನ್ನು ತೆಪ್ಪದ ಹಾಗೆ ಕಟ್ಟಿ ನೀರಿನಲ್ಲೇ ತೇಲಿಸಿ ತಂದು ಕೊಯ್ಯುತ್ತಿದ್ದ ಜಾಗ ಅದು. ಮರದ ಹೊಟ್ಟು ಸುಡುವ ಹೊಗೆ, ಮಕೋಕೋ ಹೆಂಗಸರು ಮೀನು ಒಣಗಿಸಲು ಹಾಕುವ ಹೊಗೆ, ಎರಡೂ ಸೇರಿ ನೀರಿನ ಮೇಲೆ ಬಿಳಿ ಪರದೆ ಕಟ್ಟಿದ ಹಾಗೆ. ಬಸ್ಸುಗಳು ಹಳದಿ ಕಾಳುಗಳ ಥರ. ಎಲ್ಲ ನಿಧಾನವಾಗಿ ಹರಿಯುತ್ತಿರುವಂತೆ ಕಾಣುತ್ತೆ. ಸದ್ದೂ ಇಲ್ಲ, ವಾಸನೆಯೂ ಇಲ್ಲ.

ಕೂಲ್ಹಾಸ್‌ಗೆ ಆದದ್ದೂ ಇದೇ. ಶುರುವಿನಲ್ಲಿ ಅವರು ಕಾರಿನಿಂದ ಇಳಿಯಲೂ ಹೆದರಿ, ಓಡುವ ಕಾರಿನೊಳಗಿಂದಲೇ ಊರು ನೋಡಿದರಂತೆ. ಎಲ್ಲೆಲ್ಲೂ ಕಸ, ಹೊಗೆ, ಗಲಾಟೆ. ಆಮೇಲೆ ಹೆಲಿಕಾಪ್ಟರ್ ಹತ್ತಿದಾಗ ಬೇರೆಯೇ ಕಂಡಿತು. ಉರಿಯೋ ಕಸದ ಗುಡ್ಡೆ ಅಂದುಕೊಂಡಿದ್ದ ಜಾಗದಲ್ಲಿ ಒಂದು ಊರೇ ಇತ್ತು, ಅಲ್ಲಿನವರಿಗೆ ಅವರದೇ ಆದ ಕಟ್ಟುನಿಟ್ಟು ಇತ್ತು. ಅರ್ಧಕ್ಕೆ ನಿಂತ ಫ್ಲೈಓವರ್ ಸುತ್ತುಗಳ ಒಳಗೆ ಯಾರೋ ಗ್ಯಾರೇಜು ಹಾಕಿದ್ದರು, ಇನ್ಯಾರೋ ಸಂತೆ ಹಾಕಿದ್ದರು. ಅಲ್ಲಿಂದ ಅವರು ಒಂದು ವಾದ ಕಟ್ಟಿದರು. ಲಾಗೋಸ್ ಹಿಂದುಳಿದ ಊರಲ್ಲ, ಮುಂದೆ ಎಲ್ಲ ಊರುಗಳೂ ಹೀಗೇ ಆಗಬಹುದು, ಲಂಡನ್ನಿನವರೇ ಲಾಗೋಸ್‌ನಿಂದ ಕಲಿಯೋದಿದೆ ಅಂತ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ! ಆಫ್ರಿಕಾ ಅಂದ ತಕ್ಷಣ ಅಯ್ಯೋ ಪಾಪ ಅನ್ನೋ ದನಿಯಲ್ಲೇ ಎಲ್ಲರೂ ಮಾತಾಡುವಾಗ ಒಬ್ಬರು ಬಂದು ಇವರು ಜಾಣರು ಕಣ್ರೀ ಅಂದರೆ ಖುಷಿ ಆಗದೆ ಇರುತ್ತಾ? ಆ ರಾತ್ರಿ ನಾನು ಪೂರ್ತಿ ಕೂಲ್ಹಾಸ್ ಕಡೆಯವನಾಗಿ ಮಲಗಿದೆ.

ಎರಡನೇ ರಾತ್ರಿ ಕೆಳಗೆ ಇಳಿದೆ.

ಕೆಳಗೆ ನಮಗೆ ಜೊತೆಯಾಗುವವನು ಒಬ್ಬ ಬಸ್ ಡ್ರೈವರ್. ಮೇಲಿಂದ ಹರಿಯುತ್ತಿರುವಂತೆ ಕಂಡ ಆ ಹಳದಿ ಕಾಳುಗಳು ಕೆಳಗೆ ಬಂದು ನೋಡಿದರೆ ಹರಿಯುತ್ತಲೇ ಇಲ್ಲ. ನಿಂತಿವೆ. ಲಾಗೋಸ್‌ನಲ್ಲಿ ಟ್ರಾಫಿಕ್ ಜಾಮ್‌ಗೆ ಗೋ ಸ್ಲೋ ಅನ್ನುತ್ತಾರೆ. ಹಳದಿ ಬಣ್ಣ, ಮೈಮೇಲೆ ಎರಡು ಕಪ್ಪು ಪಟ್ಟಿ. ಸಣ್ಣ ವ್ಯಾನುಗಳು ಡಾನ್ಫೋ. ದೊಡ್ಡವು ಮೊಲುಯೆ, ಬೆಂಜ್ ಲಾರಿಯ ಚಾಸಿಗೆ ತಗಡಿನ ಮೈ ಕೂರಿಸಿ ಮಾಡಿದವು. ಮೊಲುಯೆ ಹತ್ತಿದರೆ ಔಷಧಿ ಮಾರೋನು ಭಾಷಣ ಮಾಡುತ್ತಿದ್ದ, ಅವನು ಇಳಿದರೆ ಪಾದ್ರಿ ಶುರು ಮಾಡುತ್ತಿದ್ದ.

ಡಾನ್ಫೋ ಬಾಗಿಲಲ್ಲಿ ಕಂಡಕ್ಟರ್ ಒಂದು ಕಾಲು ಹೊರಗೆ ಬಿಟ್ಟು ಜೋತುಬಿದ್ದಿರುತ್ತಾನೆ. ಒಶೋಡಿ, ಒಶೋಡಿ, ಒಶೋಡಿ ಅಂತ ಉಸಿರು ಬಿಡದೆ ಕೂಗು. ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್ ಕೇಳಿ ಬೆಳೆದ ಕಿವಿಗೆ ಇದಕ್ಕೆ ಅನುವಾದವೇ ಬೇಡ. ಇಳಿಯಬೇಕಾದವರು 'ಓ ವಾ' ಅಂತ ಕೂಗಬೇಕು, ಇಳಿಯೋರು ಇದ್ದಾರೆ ಅಂತ ಅರ್ಥ. ಹತ್ತುವಾಗ ಕಂಡಕ್ಟರ್ ಹೇಳೋದು ಒಂದೇ, ಚಿಲ್ಲರೆ ಇದ್ದರೆ ಹತ್ತಿ.

ಚಿಲ್ಲರೆ ಇಲ್ಲದಿದ್ದರೆ ಏನು ಮಾಡುತ್ತಾನೆ ಅಂದರೆ, ನಿನಗೆ ಕೊಡಬೇಕಾದ ಬಾಕಿ, ನಿನ್ನ ಪಕ್ಕದವನಿಗೆ ಕೊಡಬೇಕಾದ ಬಾಕಿ, ಎರಡನ್ನೂ ಸೇರಿಸಿ ಒಂದೇ ನೋಟು ಒಬ್ಬನ ಕೈಗೆ ಕೊಟ್ಟುಬಿಡುತ್ತಾನೆ. ಇಬ್ಬರೂ ಹಂಚಿಕೊಳ್ಳಿ, ನನಗೂ ನಿಮಗೂ ಲೆಕ್ಕ ಮುಗೀತು. ಲಾಗೋಸ್‌ನಲ್ಲಿ ಇದನ್ನು ಕಂಡಕ್ಟರ್ ನಮ್ಮಿಬ್ಬರಿಗೂ ಮದುವೆ ಮಾಡಿಸಿದ ಅಂತ ತಮಾಷೆ ಮಾಡುತ್ತಾರೆ. ಗುರುತಿಲ್ಲದ ಇಬ್ಬರು ಬಸ್ ಇಳಿದು, ಒಂದು ನೋಟು ಹಿಡಿದು, ಚಿಲ್ಲರೆ ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ನಮ್ಮ ಬಸ್ಸಿನಲ್ಲಿ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು ಇಳಿಯುವಾಗ ಮರೆಸೋದನ್ನೇ ದೊಡ್ಡ ಕಲೆ ಅಂದುಕೊಂಡಿದ್ದೆ. ಇಬ್ಬರಿಗೆ ಒಂದೇ ನೋಟು ಕೊಡುವ ಕೆಲಸ ಇಲ್ಲೂ ನಡೆಯುತ್ತೆ, ಆದರೆ ಅದಕ್ಕೆ ಮದುವೆ ಅಂತ ಹೆಸರಿಡೋ ಬುದ್ಧಿ ನಮಗೆ ಬರಲಿಲ್ಲ.

ಡ್ರೈವರಿಗೆ ಬಸ್ಸು ತನ್ನದಲ್ಲದಿದ್ದರೆ ದಿನದ ಕೊನೆಗೆ ಮಾಲೀಕನಿಗೆ ಇಂತಿಷ್ಟು ಅಂತ ಕಟ್ಟಬೇಕು, ನಮ್ಮ ಬಾಡಿಗೆ ಆಟೋದವರ ಹಾಗೇ. ದಾರಿಯ ಸ್ಟಾಪುಗಳಲ್ಲಿ ಆಗ್ಬೆರೋಗಳು ಕಾಯುತ್ತಿರುತ್ತಾರೆ. ಸಾರಿಗೆ ಯೂನಿಯನ್ ಹೆಸರಿನಲ್ಲಿ ವಸೂಲಿ ಮಾಡೋ ಹುಡುಗರು ಇವರು. ಕೊಡದಿದ್ದರೆ ಕನ್ನಡಿ ಕಿತ್ತುಕೊಂಡಾರು, ವೈಪರ್ ಮುರಿದಾರು. ಪೊಲೀಸರದ್ದು ಬೇರೆ. ಗೋ ಸ್ಲೋದಲ್ಲಿ ನಿಂತಷ್ಟೂ ಟ್ರಿಪ್ ಕಡಿಮೆ, ಟ್ರಿಪ್ ಕಡಿಮೆಯಾದಷ್ಟೂ ಕೈಗೆ ಸಿಗೋದು ಕಡಿಮೆ.

ಇಷ್ಟು ನೋಡಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಮೇಲಕ್ಕೆ ನೆಗೆದೆ. ಹಳದಿ ಕಾಳುಗಳು, ಹೊಗೆ, ಕೂಲ್ಹಾಸ್ ದನಿ. ಈ ಸಲ ಮಾತ್ರ ಸ್ವಲ್ಪ ಸಿಟ್ಟು ಬಂತು. ಆ ಜಾಣತನಕ್ಕೆ ದುಡ್ಡು ಕಟ್ಟುತ್ತಿರೋನು ಯಾರು ಸ್ವಾಮಿ? ಸ್ಟಿಯರಿಂಗ್ ಹಿಂದೆ ಕೂತು ಎರಡು ಗಂಟೆಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಿರೋ ಮನುಷ್ಯ ತಾನೇ?

ನನ್ನ ಸಿಟ್ಟೇನೂ ಹೊಸದಲ್ಲ. ಕೂಲ್ಹಾಸ್ ಮಾತಿಗೆ ಆಗಲೇ ಬೇಕಾದಷ್ಟು ಟೀಕೆ ಬಂದಿತ್ತು, ಬಡತನವನ್ನು ಚಂದದ ಚಿತ್ರ ಮಾಡಿದ್ದಾರೆ ಅಂತ. ಆ ಫ್ಲೈಓವರುಗಳು ಯಾಕೆ ಅರ್ಧಕ್ಕೆ ನಿಂತವು ಅಂತ ಒಂದು ಸಲ ಕೇಳಿದರೆ ಸಾಕು. 70ರ ದಶಕದಲ್ಲಿ ಎಣ್ಣೆ ದುಡ್ಡು ಹರಿದು ಬಂತು. ಆಗ ಲಾಗೋಸ್ ದೇಶದ ರಾಜಧಾನಿ. ಜರ್ಮನಿಯ ಯೂಲಿಯುಸ್ ಬರ್ಗರ್ ಥರದ ಕಂಪನಿಗಳು ಬಂದು ಸೇತುವೆ, ವರ್ತುಲ ರಸ್ತೆ ಅಂತ ಕಾಂಕ್ರೀಟ್ ಸುರಿದವು. ಆಮೇಲೆ ಎಣ್ಣೆ ಬೆಲೆ ಬಿತ್ತು, ಸಾಲ ಏರಿತು, ಸೇನೆ ಮತ್ತೆ ಅಧಿಕಾರಕ್ಕೆ ಬಂತು. 1986ರಲ್ಲಿ ಸರ್ಕಾರದ ಖರ್ಚು ಕಡಿತ ಮಾಡೋ ದೊಡ್ಡ ಕಾರ್ಯಕ್ರಮ ಶುರುವಾಯಿತು. 1991ರಲ್ಲಿ ರಾಜಧಾನಿ ಅಬುಜಾಕ್ಕೆ ಹೋಯಿತು. ಊರು ಮಾತ್ರ ಬೆಳೆಯುತ್ತಲೇ ಇತ್ತು. ಸರ್ಕಾರ ಬಿಟ್ಟು ಹೋದ ಕಾಂಕ್ರೀಟಿನ ಕೆಳಗೆ ಜನ ಬದುಕು ಹಾಕಿಕೊಂಡರು, ಅಷ್ಟೇ. ಬೇರೆ ದಾರಿ ಇರಲಿಲ್ಲ.

ಮೆಟ್ರೋ ಕಥೆ ಕೇಳಿದರಂತೂ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 80ರ ದಶಕದ ಶುರುವಿನಲ್ಲಿ ಜಕಾಂಡೆ ಅನ್ನೋ ಗವರ್ನರ್ ಲಾಗೋಸ್‌ಗೆ ಮೆಟ್ರೋ ತರಲು ಹೊರಟರು. ಸೇನಾ ಸರ್ಕಾರ ಬಂದು 1985ರಲ್ಲಿ ಅದನ್ನು ರದ್ದು ಮಾಡಿತು. ಆಗ ದೇಶ ಆಳುತ್ತಿದ್ದವರು ಜನರಲ್ ಬುಹಾರಿ. ಕೊನೆಗೂ ಲಾಗೋಸ್‌ನ ಬ್ಲೂ ಲೈನ್ ರೈಲು ಉದ್ಘಾಟನೆ ಆಗಿದ್ದು 2023ರ ಜನವರಿಯಲ್ಲಿ. ಉದ್ಘಾಟಿಸಿದವರು ಚುನಾವಣೆ ಗೆದ್ದು ಅಧ್ಯಕ್ಷರಾಗಿದ್ದ ಅದೇ ಬುಹಾರಿ. ರಿಬ್ಬನ್ ಕತ್ತರಿಸುವಾಗ ಏನು ನೆನಪಾಯಿತೋ.

ಒಶೋಡಿಗೆ ಬರೋಣ. ಕಂಡಕ್ಟರ್ ಕೂಗುತ್ತಿದ್ದ ಆ ಒಶೋಡಿ.

ಎರಡು ದೊಡ್ಡ ಹೆದ್ದಾರಿಗಳು ಸೇರುವ ಜಾಗ. ನಡುವೆ ರೈಲು ಹಳಿ. ಎಲ್ಲಿಂದ ಎಲ್ಲಿಗೆ ಹೋಗೋರೂ ಇಲ್ಲೇ ಬಸ್ ಬದಲಾಯಿಸಬೇಕು. ಬಸ್ ಬದಲಾಯಿಸೋರು ಇದ್ದಲ್ಲಿ ಮಾರೋರು ಬರುತ್ತಾರೆ. ಮೊದಲು ರಸ್ತೆ ಪಕ್ಕ, ಆಮೇಲೆ ರಸ್ತೆ ಮೇಲೆ, ಆಮೇಲೆ ಹಳಿಯ ಮೇಲೆ. ರೈಲು ಕೂಗಿದರೆ ಟೊಮ್ಯಾಟೊ ಬುಟ್ಟಿ, ಬಟ್ಟೆ ಗಂಟು ಎತ್ತಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿಯೋದು, ಕೊನೇ ಬೋಗಿ ದಾಟಿದ ಕೂಡಲೇ ಮತ್ತೆ ಅಲ್ಲೇ ಹರಡೋದು. ಮೇಲಿಂದ ನೋಡಿದರೆ ಬೈತಲೆ ತೆಗೆದ ಹಾಗೆ ಜನ ಇಬ್ಭಾಗವಾಗಿ ಮತ್ತೆ ಕೂಡಿಕೊಳ್ಳುತ್ತಾರೆ. ಕೂಲ್ಹಾಸ್ ಮರುಳಾದದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಆದರೆ ಒಶೋಡಿ ಅಂದರೆ ಲಾಗೋಸ್‌ನವರಿಗೆ ಹೆದರಿಕೆಯೂ ಹೌದು. ಜೇಬುಗಳ್ಳರು, ಕತ್ತಿ ತೋರಿಸೋ ಹುಡುಗರು. 'ವನ್ ಚಾನ್ಸ್' ಅಂತ ಒಂದು ಮಾತಿದೆ. ಇನ್ನೊಂದೇ ಸೀಟು ಖಾಲಿ ಅಂತ ಕಂಡಕ್ಟರ್ ಕೂಗೋ ಮಾತು ಅದು. ಅವಸರದಲ್ಲಿ ಹತ್ತಿದರೆ ಒಳಗಿರೋರೆಲ್ಲ ಒಂದೇ ಗ್ಯಾಂಗು. ದೋಚಿ ಎಲ್ಲೋ ತಳ್ಳಿ ಹೋಗುತ್ತಾರೆ. ಈಗ ಆ ಥರ ಮೋಸದ ಬಸ್ಸಿಗೇ ವನ್ ಚಾನ್ಸ್ ಅಂತ ಹೆಸರು. ಕೆಲಸ ಮುಗಿಸಿ ಕತ್ತಲಲ್ಲಿ ಒಶೋಡಿ ದಾಟಬೇಕಿದ್ದ ಹೆಣ್ಣುಮಗಳನ್ನು ಕೇಳಿದರೆ ಆ ಸಂತೆ ಎಷ್ಟು ಸುಂದರ ಅನ್ನೋದಕ್ಕೆ ಬೇರೆಯೇ ಉತ್ತರ ಸಿಕ್ಕೀತು.

2009ರ ಜನವರಿಯಲ್ಲಿ ಗವರ್ನರ್ ಫಶೋಲಾ ಸರ್ಕಾರ ಒಶೋಡಿ ಸಂತೆಯನ್ನು ಒಡೆದು ತೆಗೆಯಿತು. ಹೊಸ ವರ್ಷದ ಮೊದಲ ವಾರ. ಬುಲ್ಡೋಜರು, ಪೊಲೀಸರು, ಮಣ್ಣುಪಾಲಾದ ಸಾಮಾನು. ರಸ್ತೆ ತೆರೆದುಕೊಂಡಿತು. ಗಂಟೆಗಟ್ಟಲೆ ನಿಲ್ಲುತ್ತಿದ್ದಲ್ಲಿ ಗಾಡಿಗಳು ನಿಮಿಷಗಳಲ್ಲಿ ದಾಟಿದವು. ಬಸ್ಸಲ್ಲಿ ಓಡಾಡೋ ಎಷ್ಟೋ ಜನ ಚಪ್ಪಾಳೆ ತಟ್ಟಿದರು. ನಾನಿದ್ದರೂ ತಟ್ಟುತ್ತಿದ್ದೆನೋ ಏನೋ. 2016ರ ಜನವರಿಯಲ್ಲಿ ಅಲ್ಲೇ ಉಳಿದಿದ್ದ ಒವೊನಿಫಾರಿ ಮಾರುಕಟ್ಟೆಯೂ ಹೋಯಿತು. ಅಲ್ಲಿ ಮೂರು ದೊಡ್ಡ ಬಸ್ ನಿಲ್ದಾಣಗಳು ಎದ್ದವು, ಗಾಜು, ಲಿಫ್ಟು, ಮೇಲ್ಸೇತುವೆ ಎಲ್ಲ ಇರೋ ಅಂಥವು. 2019ರಲ್ಲಿ ಉದ್ಘಾಟನೆ. 2024ರಲ್ಲಿ ಶುರುವಾದ ರೆಡ್ ಲೈನ್ ರೈಲಿಗೂ ಒಶೋಡಿಯಲ್ಲಿ ಒಂದು ಸ್ಟೇಷನ್ ಇದೆ.

ಚಿತ್ರದಲ್ಲಿ ಇರೋ ಒಶೋಡಿ ಈಗ ಭೂಮಿ ಮೇಲೆ ಎಲ್ಲೂ ಇಲ್ಲ.

ಇದು ಗೊತ್ತಾದ ಮೇಲೆ ಮೂರನೇ ರಾತ್ರಿ ನನ್ನ ತಲೆಗೆ ಹುಳ ಬಿಟ್ಟುಕೊಂಡೆ. ಮೇಲಿಂದ ನೋಡಿ ಆಹಾ ಅಂದವರು ಕೂಲ್ಹಾಸ್. ಅದೇ ಎತ್ತರದಿಂದ ನೋಡಿ ಛೀ ಅಂದವರು ಸರ್ಕಾರದವರು. ಇಬ್ಬರಿಗೂ ಕಂಡದ್ದು ಹಳದಿ ಕಾಳುಗಳೇ. ಡ್ರೈವರಿನ ಕುತ್ತಿಗೆ ಬೆವರು ಇಬ್ಬರಿಗೂ ಕಾಣೋ ದೂರ ಅಲ್ಲ ಅದು.

ಉತ್ಪ್ರೇಕ್ಷೆ ಅನ್ನಿಸಿದರೆ ಮಕೋಕೋ ನೋಡಿ. 2012ರ ಜುಲೈಯಲ್ಲಿ ನೀರಂಚಿನ ಮನೆಗಳವರಿಗೆ 72 ಗಂಟೆಯ ನೋಟಿಸು ಬಂತು. ಅದರಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು, ಈ ಕೇರಿ ಲಾಗೋಸ್‌ನ ಮೆಗಾಸಿಟಿ ಪಟ್ಟಕ್ಕೆ ಕುಂದು ತರುತ್ತಿದೆ ಅಂತ. ಅಂದರೆ ನೀವು ಕಾಣಿಸುತ್ತಿದ್ದೀರಿ, ಅದೇ ತೊಂದರೆ. ವಿಮಾನ ನಿಲ್ದಾಣದಿಂದ ದ್ವೀಪದ ಕಡೆ ಸೇತುವೆ ಮೇಲೆ ಬರೋರಿಗೆಲ್ಲ ಮಕೋಕೋ ಕಣ್ಣಿಗೆ ಬೀಳುತ್ತದೆ ನೋಡಿ. ಸರ್ಕಾರದ ಕಡೆಯವರು ಬಂದು ಮನೆಗಳ ಕಂಬ ಕಡಿದರು. ಊರಿನ ಮುಖಂಡನೊಬ್ಬ ಪೊಲೀಸ್ ಗುಂಡಿಗೆ ಸತ್ತ ಮೇಲೆ ಅದು ನಿಂತಿತು. ಅದಕ್ಕೂ ಹಿಂದೆ, 1990ರ ಜುಲೈಯಲ್ಲಿ, ಮರೋಕೋ ಅನ್ನೋ ಕೇರಿಯಿಂದ ಸುಮಾರು 3 ಲಕ್ಷ ಜನರನ್ನು ಎಬ್ಬಿಸಿದ್ದರು. ಸಮುದ್ರ ಹತ್ತಿರ ಇದ್ದ ಆ ಜಾಗದಲ್ಲಿ ಈಗ ದುಬಾರಿ ಮನೆಗಳಿವೆ. ಆಗ ಸೇನಾ ಆಡಳಿತ, ಕೇಳೋರಿರಲಿಲ್ಲ. 2012ರಲ್ಲಿ ಓಟು ಇತ್ತು, ಆದರೂ ನೋಟಿಸು 72 ಗಂಟೆಯದ್ದೇ.

ಬಸ್ಸುಗಳ ಕಥೆಯಲ್ಲಿ ನಾನು ಇಷ್ಟು ಖಾರವಾಗಿ ಮಾತಾಡಲಾರೆ. 2008ರ ಮಾರ್ಚಿನಲ್ಲಿ ಮೈಲ್ 12 ಅನ್ನೋ ಜಾಗದಿಂದ ಸಿಎಂಎಸ್ ಅನ್ನೋ ಜಾಗದವರೆಗೆ 22 ಕಿಲೋಮೀಟರ್ ಬಸ್ಸಿಗೇ ಬೇರೆ ಲೇನ್ ಮಾಡಿದರು. ಅದು ಒಳ್ಳೇ ಕೆಲಸ. ತುಕ್ಕು ಹಿಡಿದ ಮೊಲುಯೆಗಳು ನಿಧಾನಕ್ಕೆ ಮಾಯವಾದವು, ಅದಕ್ಕೆ ನಾನು ಕಣ್ಣೀರು ಹಾಕಲ್ಲ, ಅದರ ಬ್ರೇಕು ನಂಬಿ ಕೂತವರಿಗೆ ಗೊತ್ತು ಕಷ್ಟ. 2017ರಲ್ಲಿ ಆಗಿನ ಗವರ್ನರ್ ಅಂಬೋಡೆ ಡಾನ್ಫೋಗಳನ್ನೂ ತೆಗೆಯುತ್ತೇವೆ ಅಂದರು, ಈ ಹಳದಿ ಬಸ್ಸುಗಳನ್ನು ಇಟ್ಟುಕೊಂಡು ಮೆಗಾಸಿಟಿ ಅಂತ ಹೇಳಿಕೊಳ್ಳೋದು ಹೇಗೆ ಅಂತ. ಮತ್ತೆ ಅದೇ ಮಾತು! ಡಾನ್ಫೋಗಳು ಏನೂ ಹೋಗಲಿಲ್ಲ. ಅಷ್ಟು ಜನರನ್ನು ಹೊರೋಕೆ ಬೇರೆ ಯಾವುದಿದೆ ಹೇಳಿ.

2020ರ ಫೆಬ್ರವರಿಯಲ್ಲಿ ಊರಿನ ಮುಖ್ಯ ಭಾಗಗಳಲ್ಲಿ ಒಕಾಡಾ ಮತ್ತು ಕೆಕೆ ಎರಡನ್ನೂ ನಿಷೇಧಿಸಿದರು. ಒಕಾಡಾ ಅಂದರೆ ಬಾಡಿಗೆ ಬೈಕು. ಕೆಕೆ ಅಂದರೆ ಬೇರೇನಲ್ಲ, ನಮ್ಮ ಆಟೋ. ಅದೇ ಹಳದಿ, ಅದೇ ಮೂರು ಚಕ್ರ, ಅದೇ ಬಜಾಜ್, ಅದೇ ಟಿವಿಎಸ್. ಯೊರುಬಾ ಭಾಷೆಯಲ್ಲಿ ಕೆಕೆ ಅಂದರೆ ಸೈಕಲ್. 90ರ ದಶಕದ ಕೊನೆಯಲ್ಲಿ ಮಾರ್ವಾ ಅನ್ನೋ ಸೇನಾ ಗವರ್ನರ್ ತಂದರು ಅಂತ ಕೆಕೆ ಮಾರ್ವಾ ಅಂತಲೂ ಕರೆಯುತ್ತಾರೆ. ಒಕಾಡಾಗಳಿಂದ ಅಪಘಾತ ಜಾಸ್ತಿ ಅನ್ನೋದು ನಿಜ. ನಿಷೇಧ ಆದ ದಿನಗಳಲ್ಲಿ ಆಫೀಸಿಗೆ ಹೋಗೋರು ಮೈಲಿಗಟ್ಟಲೆ ಸಾಲಾಗಿ ನಡೆದರು ಅನ್ನೋದೂ ನಿಜ.

ಊರಲ್ಲಿ ಎಷ್ಟು ಜನ ಇದ್ದಾರೆ ಅನ್ನೋದಕ್ಕೇ ಇಲ್ಲಿ ಒಂದು ಉತ್ತರ ಇಲ್ಲ. 2006ರ ಜನಗಣತಿಯಲ್ಲಿ ಕೇಂದ್ರ ಸರ್ಕಾರ ಲಾಗೋಸ್ ರಾಜ್ಯದಲ್ಲಿ 90 ಲಕ್ಷ ಚಿಲ್ಲರೆ ಜನ ಅಂದಿತು. ರಾಜ್ಯ ಸರ್ಕಾರ ತಾನೇ ಎಣಿಸಿ 1 ಕೋಟಿ 75 ಲಕ್ಷ ಅಂದಿತು. ನಡುವಿನ ವ್ಯತ್ಯಾಸವೇ 80 ಲಕ್ಷದ ಮೇಲೆ. ಮೇಲಿಂದ ಎಷ್ಟೇ ಚೆನ್ನಾಗಿ ಕಂಡರೂ ತಲೆ ಎಣಿಸೋಕೆ ಕೆಳಗೇ ಇಳಿಯಬೇಕು, ಇಳಿದವರಿಗೂ ಲೆಕ್ಕ ತಪ್ಪುತ್ತೆ.

ಸಾಕ್ಷ್ಯಚಿತ್ರ ಮುಗಿದರೂ ಚಟ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಯೂಟ್ಯೂಬಿನಲ್ಲಿ ಈಗಿನ ಲಾಗೋಸ್‌ನ ರಸ್ತೆ ವಿಡಿಯೊಗಳನ್ನು ಹಾಕಿಕೊಂಡು ಕೂತಿದ್ದೆ. ಯಾರೋ ಕಾರಿನೊಳಗಿಂದ ಮೊಬೈಲಿನಲ್ಲಿ ತೆಗೆದ ಅಂಥವು, ಮಾತೂ ಇಲ್ಲ ಸಂಗೀತವೂ ಇಲ್ಲ. ಅಮ್ಮ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಳು. ಗೋ ಸ್ಲೋ. ಗಾಡಿಗಳ ನಡುವೆ ಹುಡುಗರು ಮಾರುತ್ತಾ ನಡೆಯುತ್ತಿದ್ದಾರೆ. ನೀರಿನ ಪ್ಯಾಕೆಟ್ಟು, ಅದನ್ನು ಅಲ್ಲಿ ಪ್ಯೂರ್ ವಾಟರ್ ಅಂತಾರೆ. ಗಾಲಾ ಅನ್ನೋ ಬನ್ನಿನಂಥ ತಿಂಡಿ, ಒಳಗೆ ಮಾಂಸ ಇರುತ್ತೆ. ಬಾಳೆಕಾಯಿ ಚಿಪ್ಸು, ಫೋನ್ ಚಾರ್ಜರು.

"ಮಾಂಸದ್ದಾ? ಈ ಬಿಸಿಲಲ್ಲಿ ಹಳಸಲ್ವೇನೋ?" ಅಂದಳು ಅಮ್ಮ. ನಾನು ಅವಳಿಗೆ 2016ರ ಕಥೆ ಹೇಳುತ್ತಿದ್ದೆ. ರಸ್ತೆಯಲ್ಲಿ ಮಾರೋದು ಅಲ್ಲಿ 2003ರಿಂದಲೇ ಅಪರಾಧ. 2016ರಲ್ಲಿ ಹಿಡಿಯಲು ಬಂದವರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಹುಡುಗನೊಬ್ಬ ಗಾಡಿಗೆ ಸಿಕ್ಕಿ ಸತ್ತ. ರೊಚ್ಚಿಗೆದ್ದ ಜನ ಬಸ್ಸುಗಳ ಗಾಜು ಪುಡಿ ಮಾಡಿದರು. ಅದಾದ ಮೇಲೆ ಸರ್ಕಾರ ಆ ಕಾನೂನನ್ನು ಬಿಗಿ ಮಾಡಿತು. ಸಿಕ್ಕಿಬಿದ್ದರೆ 90,000 ನೈರಾ ದಂಡ, ಇಲ್ಲವೇ ಆರು ತಿಂಗಳು ಜೈಲು. ಮಾರಿದವನಿಗೂ ಅಷ್ಟೇ, ಕೊಂಡವನಿಗೂ ಅಷ್ಟೇ. "ಆದರೂ ಮಾರ್ತಾನೇ ಇದ್ದಾರೆ ನೋಡು" ಅಂದೆ.

ಅಮ್ಮ ನನ್ನ ಮಾತು ಕೇಳುತ್ತಿರಲಿಲ್ಲ. ಅವರೆಕಾಯಿ ಕೈಯಲ್ಲೇ ಉಳಿದಿತ್ತು. ವಿಡಿಯೊದಲ್ಲಿ ಒಬ್ಬ ಹುಡುಗ ಮುಂದಿದ್ದ ಡಾನ್ಫೋ ಕಿಟಕಿಯೊಳಗೆ ನೀರಿನ ಪ್ಯಾಕೆಟ್ಟು ಕೊಟ್ಟ. ಒಳಗಿನವನು ದುಡ್ಡಿಗಾಗಿ ಜೇಬು ತಡಕುತ್ತಿದ್ದ. ಅಷ್ಟರಲ್ಲಿ ಗೋ ಸ್ಲೋ ಬಿಡ್ತು.

"ಅಯ್ಯೋ, ಬಸ್ಸು ಹೊರಟೇ ಹೋಯ್ತಲ್ಲೋ. ದುಡ್ಡು ಕೊಟ್ನಾ ಅವ್ನು?"

"ಗೊತ್ತಾಗ್ಲಿಲ್ಲಮ್ಮ."

"ಇನ್ನೊಂದ್ಸಲ ಹಾಕು."

ಹಾಕಿದೆ. ಪ್ಯಾಕೆಟ್ಟು ಒಳಗೆ ಹೋಯಿತು. ಬಸ್ಸು ಹೊರಟಿತು. ಹುಡುಗ ತಲೆ ಮೇಲಿನ ಹೊರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದ, ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಇನ್ನೇನು ತಲುಪಬೇಕು ಅನ್ನುವಷ್ಟರಲ್ಲಿ ಮೊಬೈಲು ಹಿಡಿದಿದ್ದವನ ಕಾರು ಎಡಕ್ಕೆ ತಿರುಗಿತು.